ಪುಟ್ಟಬಸವಯ್ಯನವರ ಎಡಮುರಿ ಹಗ್ಗ

ಕಪಿಲೆ ನಂಜನಗೂಡಿನಿಂದ ನರಸೀಪುರಕ್ಕೆ ಹರಿದು ಹೋಗುತ್ತದೆ. ಪುಟ್ಟಬಸವಯ್ಯನವರೂ ದಿನಾ ಹಾಗೇ ಹೋಗುತ್ತಿದ್ದರು. ಕಪಿಲೆಗೆ ಅಲ್ಲಿ ಕಾವೇರಿ ಸಿಕ್ಕಿ ಒಂದು ಗತಿ ಕಾಣುತ್ತದೆ, ಇವರು ಮಾತ್ರ ಸಂಜೆ ಬಸ್ಸು ಹಿಡಿದು ವಾಪಸ್ಸು ಬರಬೇಕಿತ್ತು. ತೊಂಬತ್ತೊಂದರಲ್ಲಿ ನರಸೀಪುರದ ಆ ಖಾಸಗಿ ಕಾಲೇಜಿಗೆ ಜೀವಶಾಸ್ತ್ರದ ಮೇಷ್ಟ್ರಾಗಿ ಸೇರಿದಾಗ ಅವರನ್ನು ತಾತ್ಕಾಲಿಕ ಅಂತ ತೆಗೆದುಕೊಂಡಿದ್ದರು. ಆಮೇಲೆ ಸರ್ಕಾರಗಳು ಬಂದವು, ಹೋದವು. ಕಾಲೇಜಿನ ಹೆಂಚು ಹೋಗಿ ಆರ್‌ಸಿಸಿ ಬಂತು. ಮೇಷ್ಟ್ರ ತಲೆಗೂದಲು ಹೋಯಿತು, ಅದರ ಜಾಗಕ್ಕೆ ಏನೂ ಬರಲಿಲ್ಲ. ಅವರು ಮಾತ್ರ ತಾತ್ಕಾಲಿಕವಾಗಿಯೇ ಉಳಿದರು. ಕಾಲೇಜಿನ ಹೆಸರು ಕೇಳಬೇಡಿ. ಹೇಳಿದರೆ ನಾಳೆ ಅಲ್ಲಿಂದ ನಾಲ್ಕು ಜನ ಬಂದು ನನ್ನ ಜಗುಲಿ ಮೇಲೆ ಕೂರುತ್ತಾರೆ, ಅವರಿಗೆಲ್ಲ ಕಾಫಿ ಕಾಯಿಸಿಕೊಡುವವರು ಯಾರು?

ಕಾಲೇಜಿನ ಕಾರ್ಯದರ್ಶಿ ಚಿಕ್ಕಸ್ವಾಮಿಯವರು. ನರಸೀಪುರದ ಪಕ್ಕದ ಕೊಪ್ಪಲಿನ ಗೌಡರ ಮನೆಯವರು. ಗದ್ದೆ ಇತ್ತು, ಅಕ್ಕಿ ಗಿರಣಿ ಇತ್ತು, ಹಾಲಿನ ಡೈರಿಯ ಅಧ್ಯಕ್ಷಗಿರಿ ಇತ್ತು. ಇಷ್ಟೆಲ್ಲ ಇದ್ದ ಮೇಲೆ ವಿದ್ಯೆಯೂ ಒಂದಿರಲಿ ಅಂತ ಕಾಲೇಜು ಕಟ್ಟಿಸಿದ್ದರು. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಮೇಷ್ಟ್ರು ಕೈ ಕಟ್ಟಿಕೊಂಡು ಅವರ ಮುಂದೆ ನಿಲ್ಲುತ್ತಿದ್ದರು. ಅವರು ವೀಳ್ಯದೆಲೆಗೆ ಸುಣ್ಣ ಸವರುತ್ತಾ, "ಮುಂದಿನ ವರ್ಷ ನೋಡಣ ಬುಡಿ ಮೇಷ್ಟ್ರೇ" ಅನ್ನುತ್ತಿದ್ದರು. ಸುಣ್ಣ ಎಲೆಗೆ, ತುಪ್ಪ ಮೇಷ್ಟ್ರ ಮೂಗಿಗೆ. ಆ ತುಪ್ಪದ ವಾಸನೆಯ ಮೇಲೆ ಮೇಷ್ಟ್ರು ಮತ್ತೊಂದು ವರ್ಷ ಓಡುತ್ತಿದ್ದರು. ಕಾರ್ಯದರ್ಶಿಗಳ ಮಗಳ ಮದುವೆಯಲ್ಲಿ ಪಂಕ್ತಿಗೆ ನೀರು ಬಡಿಸಿದರು, ಗಿರಣಿಯ ಆಯುಧಪೂಜೆಗೆ ಬಾಳೆಕಂದು ಕಟ್ಟಿದರು, ಡೈರಿ ಚುನಾವಣೆಯಲ್ಲಿ ಭಾಷಣ ಬರೆದುಕೊಟ್ಟರು. ಆ ಭಾಷಣಕ್ಕೆ ಚಪ್ಪಾಳೆ ಬಿದ್ದದ್ದು ಕೇಳಿ ಗುಂಪಿನ ಕೊನೆಯಲ್ಲಿ ನಿಂತು ತಾವೂ ಚಪ್ಪಾಳೆ ಹೊಡೆದರು.

"ನೀವು ಹುಟ್ಟಿದ ಮೇಲೆ ಯಾರಿಗಾದರೂ ಒಂದು ಸಲ 'ಇಲ್ಲ' ಅಂದಿದ್ದೀರೇನ್ರೀ?" ಅಂತ ಅವರ ಹೆಂಡತಿ ಮಹದೇವಮ್ಮ ಒಂದು ದಿನ ರೊಟ್ಟಿ ತಟ್ಟುತ್ತಾ ಕೇಳಿದರು.

ಮೇಷ್ಟ್ರು ಯೋಚನೆ ಮಾಡಿ, "ಬ್ಯಾಕ್ಟೀರಿಯಾಕ್ಕೆ ಅಂದಿದ್ದೇನೆ" ಅಂದರು.

ಅದು ನಿಜ. ವರ್ಷಾನುಗಟ್ಟಲೆ ಅವರು ತರಗತಿಯಲ್ಲಿ ಗಟ್ಟಿ ದನಿಯಲ್ಲಿ ಹೇಳಿ ಬರೆಸುತ್ತಿದ್ದ ಒಂದೇ ವಾಕ್ಯ ಇದು: ಬ್ಯಾಕ್ಟೀರಿಯಾದ ಒಳಗೆ ಹಂದರ ಇಲ್ಲ, ನಾರಿಲ್ಲ, ಹುರಿಯಿಲ್ಲ, ಅದೊಂದು ರಸ ತುಂಬಿದ ಚೀಲ. ಅವರ ಬಾಯಿಂದ ಬಂದ ಏಕೈಕ ಖಡಾಖಂಡಿತ 'ಇಲ್ಲ' ಅದು. ಎರಡು ಸಾವಿರದ ಐದರಲ್ಲಿ ಮೇಷ್ಟ್ರುಗಳ ತರಬೇತಿಗೆ ಅಂತ ಮೈಸೂರಿಗೆ ಹೋದರೆ, ಅದೂ ತಪ್ಪು ಅಂತ ಗೊತ್ತಾಯಿತು. ಗ್ರಹಚಾರ ನೋಡಿ!

ಸಂಗತಿ ಇಷ್ಟೇ. ನಮ್ಮ ನಿಮ್ಮ ಸ್ನಾಯುಗಳಲ್ಲಿ ಆಕ್ಟಿನ್ ಎಂಬ ಪ್ರೋಟೀನು ಇದೆ. ಮಣಿಗೆ ಮಣಿ ಕೂಡಿ ಸರವಾಗುತ್ತದೆ, ಎರಡು ಸರ ಒಂದನ್ನೊಂದು ಸುತ್ತಿಕೊಂಡು ಹುರಿಯಾಗುತ್ತದೆ. ನಾವು ಕೈ ಎತ್ತಿ ನಮಸ್ಕಾರ ಮಾಡುವುದೂ ಅದರಿಂದಲೇ, ಎದುರಿಗಿದ್ದವನ ಕಪಾಳಕ್ಕೆ ಬಾರಿಸುವುದೂ ಅದರಿಂದಲೇ. ಇಂಥದ್ದು ಬ್ಯಾಕ್ಟೀರಿಯಾಕ್ಕೆ ಎಲ್ಲಿಂದ ಬರಬೇಕು ಅಂತ ಲೋಕವೇ ನಂಬಿತ್ತು. ಈಗ ನೋಡಿದರೆ ಅದರ ಹೊಟ್ಟೆಯೊಳಗೂ ಆಕ್ಟಿನ್ನಿನ ದಾಯಾದಿಗಳು! ಅದರಲ್ಲಿ ಪಾರ್-ಎಂ ಅಂತ ಒಂದು. ಬ್ಯಾಕ್ಟೀರಿಯಾ ಎರಡಾಗಿ ಒಡೆಯುವ ಮುಂಚೆ, ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್ಎ ಬಳೆಯ ಎರಡು ಪ್ರತಿಗಳನ್ನು ಇದು ಆ ತುದಿಗೊಂದು ಈ ತುದಿಗೊಂದು ತಳ್ಳುತ್ತದೆ. ಹುಟ್ಟುವ ಎರಡೂ ಮರಿಗಳಿಗೆ ಪಾಲು ಸಿಗಲಿ ಅಂತ. ಹುರಿ ಬೆಳೆಯುತ್ತಾ ಹೋದಾಗ ತುದಿಗೆ ಪ್ಲಾಸ್ಮಿಡ್ ಸಿಕ್ಕಿದರೆ ನೆಲೆ ನಿಲ್ಲುತ್ತದೆ. ಸಿಗದಿದ್ದರೆ ಅಲ್ಲೇ ಮಣಿಮಣಿಯಾಗಿ ಉದುರಿಹೋಗುತ್ತದೆ.

ಹಿಂದಿನ ಬೆಂಚಿನಲ್ಲಿ ಕೂತು ಇದನ್ನು ಕೇಳಿಸಿಕೊಂಡ ಪುಟ್ಟಬಸವಯ್ಯನವರ ಕಣ್ಣು ತೇವವಾಯಿತು. ಹಿಡಿಯಲು ಏನೂ ಸಿಗದೆ ಬೆಳೆಯುತ್ತಲೇ ಹೋಗುವುದು ಅಂದರೆ ಏನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವತ್ತಿನಿಂದ ಅವರಿಗೆ ಆ ಹುರಿಯ ಮೇಲೆ ಮೋಹ ಹುಟ್ಟಿತು. ರಜೆ ಸಿಕ್ಕಿದಾಗೆಲ್ಲ ಮೈಸೂರಿನ ಲೈಬ್ರರಿಗೆ ಹೋಗಿ ಅದರ ಸುದ್ದಿ ಹುಡುಕಿ ಓದುತ್ತಿದ್ದರು. ಎರಡು ಸಾವಿರದ ಎಂಟರಲ್ಲಿ ಒಂದು ಸ್ವಾರಸ್ಯ ಸಿಕ್ಕಿತು. ಮನುಷ್ಯನ ಆಕ್ಟಿನ್ ಹುರಿ ಬಲಕ್ಕೆ ತಿರುಚಿಕೊಂಡಿದ್ದರೆ, ಬ್ಯಾಕ್ಟೀರಿಯಾದ ಈ ಪಾರ್-ಎಂ ಹುರಿ ಎಡಕ್ಕೆ ತಿರುಚಿಕೊಂಡಿದೆಯಂತೆ. ನಮ್ಮದು ಬಲಮುರಿ, ಅದರದ್ದು ಎಡಮುರಿ.

ಅದರ ಮುಂದಿನ ವರ್ಷವೇ ಕಾಲೇಜಿಗೆ ದರ್ಜೆ ಕೊಡುವ ತಜ್ಞರ ಸಮಿತಿ ಬರುವುದು ಗೊತ್ತಾಯಿತು. ಚಿಕ್ಕಸ್ವಾಮಿಯವರು ಮೀಟಿಂಗ್ ಕರೆದು, "ಒಂದೊಂದ್ ಡಿಪಾರ್ಟ್‌ಮೆಂಟೋರು ಒಂದೊಂದ್ ಐಟಮ್ ತೋರಿಸ್ಬೇಕು ಕಣ್ರೀ. ಬಂದೋರು ಬಾಯ್ ಮೇಲೆ ಬೆರಳಿಡಬೇಕು" ಅಂತ ಅಪ್ಪಣೆ ಕೊಡಿಸಿದರು. ಇತಿಹಾಸದವರು ಸೋಮನಾಥಪುರದ ಗುಡಿಯನ್ನು ಬೆಂಕಿಪೊಟ್ಟಣದಲ್ಲಿ ಕಟ್ಟುತ್ತೇವೆ ಅಂದರು. ಕನ್ನಡದವರು ಕೋಲಾಟ ಅಂದರು. ಪುಟ್ಟಬಸವಯ್ಯನವರು ಎದ್ದು ನಿಂತು, ಬ್ಯಾಕ್ಟೀರಿಯಾದ ಹುರಿಯ ದೊಡ್ಡ ಮಾದರಿ ಮಾಡಿ ಮುಂಬಾಗಿಲ ಮೇಲೆ ತೋರಣದ ಹಾಗೆ ತೂಗುಹಾಕುತ್ತೇನೆ ಅಂದರು.

"ಮಾಡಿ ಮೇಷ್ಟ್ರೇ. ಸಮಿತಿಯೋರು ಅದನ್ನ ಮೆಚ್ಕೊಂಡ್ರೆ ನಿಮ್ಮ ಕಾಯಂ ಫೈಲಿಗೆ ಅವತ್ತೇ ಸೈನ್" ಅಂದುಬಿಟ್ಟರು ಕಾರ್ಯದರ್ಶಿಗಳು. ಹದಿನೆಂಟು ವರ್ಷದಲ್ಲಿ ಮೊದಲ ಸಲ 'ಮುಂದಿನ ವರ್ಷ' ಅನ್ನದೆ ಬೇರೇನೋ ಅಂದಿದ್ದರು. ಮೇಷ್ಟ್ರಿಗೆ ಆ ದಿನ ಊಟ ಸೇರಲಿಲ್ಲ.

ಸರಿ, ಈಗ ಹಗ್ಗ ಬೇಕು. ದಪ್ಪನೆಯ ಎರಡು ತೆಂಗಿನ ನಾರಿನ ಎಳೆ, ಒಂದಕ್ಕೊಂದು ಎಡಕ್ಕೆ ತಿರುಚಿದ್ದು. ಅಂಗಡಿಯಲ್ಲಿ ಕೇಳಿದರೆ ಎಲ್ಲಾ ಬಲಮುರಿಯವೇ. ಎಡಮುರಿ ಅಂದ ಕೂಡಲೇ ಅಂಗಡಿಯವನು ಗಿರಾಕಿಯ ಮುಖ ನೋಡಿ, ಪಾಪ ಅನ್ನುವ ಹಾಗೆ ತಲೆ ಅಲ್ಲಾಡಿಸುತ್ತಿದ್ದ. ಆಗ ಮೇಷ್ಟ್ರಿಗೆ ಹಗ್ಗ ಹೊಸೆಯುವವರ ಮನೆಯ ಚಿಕ್ಕಮಾದುವಿನ ನೆನಪಾಯಿತು.

ಚಿಕ್ಕಮಾದು ಕಾರ್ಯದರ್ಶಿಗಳ ಕೊಪ್ಪಲಿನವನೇ, ಆದರೆ ಊರಾಚೆಯ ಕೇರಿಯವನು. ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಮೆಷಿನ್ ನೋಡಿಕೊಳ್ಳುತ್ತಿದ್ದ. ಕಾಯಂ ನೌಕರ, ಅದಕ್ಕೆ ಮೇಷ್ಟ್ರು ಒಳಗೊಳಗೇ ಕರುಬುತ್ತಿದ್ದರು. ಅವನ ಮಗಳು ಕವನ ಇವರ ಬಿಎಸ್ಸಿ ತರಗತಿಯಲ್ಲಿ ಓದುತ್ತಿದ್ದಳು. ಬೆಳಿಗ್ಗೆ ಅವನನ್ನು ನಂಜನಗೂಡಿಗೆ ತರುವ ಬಸ್ಸೇ ತಿರುಗಿ ಮೇಷ್ಟ್ರನ್ನು ನರಸೀಪುರಕ್ಕೆ ಒಯ್ಯುತ್ತಿತ್ತು. ಸ್ಟ್ಯಾಂಡಿನಲ್ಲಿ ಜನ ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿಯುತ್ತಿದ್ದಾಗ, ಚಿಕ್ಕಮಾದು ತನ್ನ ಸೀಟಿನಿಂದ ಏಳದೆ ಗಟ್ಟಿಯಾಗಿ ಕೂತಿರುತ್ತಿದ್ದ. ಮೇಷ್ಟ್ರು ನೂಕಾಡಿಕೊಂಡು ಹತ್ತಿ ಬಂದ ಮೇಲೆ, "ಬನ್ನಿ ಸಾ, ಕೂತ್ಕಳಿ" ಅಂತ ಎದ್ದು ಜಾಗ ಕೊಟ್ಟು ಇಳಿಯುತ್ತಿದ್ದ. ಮಗಳಿಗೆ ಪಾಠ ಹೇಳುವ ಗುರುಗಳು ನಿಂತು ಹೋಗಬಾರದು ಅಂತ ಅವನ ಮನಸ್ಸಿನಲ್ಲಿ.

ಒಂದು ಭಾನುವಾರ ಮೇಷ್ಟ್ರು ಅವನ ಮನೆಗೆ ಹೋದರು. ಗೋಡೆಯ ಮೇಲೆ ಬುದ್ಧನ ಪಟವಿತ್ತು. ಚಿಕ್ಕಮಾದುವಿನ ಹೆಂಡತಿ ಪಾಪಮ್ಮ ಟೀ ತಂದುಕೊಟ್ಟಳು. ಮೇಷ್ಟ್ರು ಕುಡಿದರು. ತಾನು ಕುಡಿದೆನಲ್ಲ ಅಂತ ಮನಸ್ಸಿನಲ್ಲೇ ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡರು.

"ಒಂದು ಹಗ್ಗ ಹೊಸೆದು ಕೊಡಬೇಕಿತ್ತಲ್ಲ ಚಿಕ್ಕಮಾದು. ಎರಡು ಎಳೆ, ಎಡಮುರಿ."

ಚಿಕ್ಕಮಾದುವಿನ ಮುಖದ ನಗು ಹೋಯಿತು. "ಯಾರ್ ಸತ್ತವ್ರೆ ಸಾ?"

ಯಾಕೆ ಹಾಗೆ ಕೇಳಿದ ಅಂದರೆ, ಆ ಊರಿನಲ್ಲಿ ಎಲ್ಲಾ ಹಗ್ಗವನ್ನೂ ಬಲಕ್ಕೆ ಹೊಸೆಯುತ್ತಿದ್ದರು. ಬಾವಿಯದ್ದು, ದನದ್ದು, ತೊಟ್ಟಿಲಿನದ್ದು, ಎಲ್ಲಾ. ಚಟ್ಟಕ್ಕೆ ಕಟ್ಟುವ ಹಗ್ಗ ಒಂದೇ ಎಡಮುರಿ.

"ಯಾರೂ ಸತ್ತಿಲ್ಲ ಕಣಯ್ಯ. ಇದು ಬ್ಯಾಕ್ಟೀರಿಯಾದ್ದು."

"ಯಾರ್ದೇ ಆಗ್ಲಿ ಸಾ, ಆ ಕೆಲ್ಸ ಬುಟ್ಬುಟ್ಟಿವ್ನಿ. ನಮ್ ತಾತ ಒಸೀತಿದ್ದ, ನಮ್ಮಪ್ಪ ಒಸೀತಿದ್ದ. ಗೌಡ್ರಟ್ಟೀಲಿ ಯಾರಾದ್ರೂ ಕಣ್ ಮುಚ್ಚುದ್ರೆ ನಮ್ ಬಾಗ್ಲಿಗೆ ಆಳ್ ಬರೋನು. ಉಣ್ತಾ ಕೂತಿದ್ರೂ ಕೈ ತೊಳ್ಕಂಡು ಓಗ್ಬೇಕು. ನಮ್ಮಪ್ಪ ಸತ್ ದಿನ ಅವ್ರಟ್ಟಿಯಿಂದ ಒಬ್ರೂ ಬರ್ನಿಲ್ಲ ಸಾ. ನಮ್ಮಪ್ಪನ ಚಟ್ಟದ ಅಗ್ಗ ನಾನೇ ಒಸ್ಕಂಡೆ. ಅವತ್ತೇ ಆ ಕೆಲ್ಸಕ್ಕೆ ಕೈ ಮುಗ್ದುಬುಟ್ಟೆ."

ಒಳಗಿಂದ ಕವನ ಬಂದಳು. "ಅಪ್ಪ, ಇದು ಸಾವಿಗಲ್ಲ ಕಣಪ್ಪ, ಪಾಠಕ್ಕೆ. ಸಮಿತಿಯೋರ್ಗೆ ನಾನೇ ನಿಂತ್ಕೊಂಡು ವಿವರಿಸ್ಬೇಕು."

"ನೀನಾ?"

"ನಾನೇ."

ಚಿಕ್ಕಮಾದು ಮಗಳ ಮುಖ ನೋಡಿದ. ಆಮೇಲೆ ಮೇಷ್ಟ್ರ ಕಡೆ ತಿರುಗಿದ. "ಪಾಠಕ್ಕೆ ಅಂದ್ರೆ ಒಸ್ದುಕೊಡ್ತೀನಿ ಸಾ. ಒಂದೇ ಮಾತು. ಈ ಅಗ್ಗ ಯಾವತ್ತೂ ಯಾರ್ ಚಟ್ಟಕ್ಕೂ ಓಗ್ಬಾರ್ದು. ಮಾತ್ ಕೊಡಿ."

"ಛೇ ಛೇ, ಬಿಡ್ತು ಅನ್ನು! ಮಾತು ಕೊಟ್ಟೆ ಕಣಯ್ಯ" ಅಂತ ಮೇಷ್ಟ್ರು ಅವನ ಅಂಗೈ ಮೇಲೆ ಅಂಗೈ ಇಟ್ಟರು. ಇಷ್ಟು ಸಲೀಸಾದ ಮಾತನ್ನು ಅವರು ಜನ್ಮದಲ್ಲಿ ಕೊಟ್ಟಿರಲಿಲ್ಲ.

ಹಗ್ಗ ಬಂತು. ಏನು ಹಗ್ಗ ಅದು! ಎಳೆಗೆ ಎಳೆ ಕೂತು, ಒಂದು ನಾರು ಆಚೀಚೆ ಆಗಿರಲಿಲ್ಲ. ಮೇಷ್ಟ್ರೂ ಕವನಳೂ ಸೇರಿ ಎರಡೂ ಎಳೆಯ ಉದ್ದಕ್ಕೂ ಥರ್ಮಕೋಲ್ ಉಂಡೆಗಳಿಗೆ ಬಣ್ಣ ಬಳಿದು ಅಂಟಿಸಿದರು. ಎರಡು ತುದಿಗೆ ಪ್ಲಾಸ್ಮಿಡ್ ಅಂತ ಎರಡು ಸೈಕಲ್ ರಿಮ್ಮಿಗೆ ಕೆಂಪು ಕಾಗದ ಸುತ್ತಿ ಕಟ್ಟಿದರು. ಕವನ ಏಣಿ ಹಿಡಿದುಕೊಂಡಳು, ಮೇಷ್ಟ್ರು ಹತ್ತಿ ತೂಗುಹಾಕಿದರು. ಕೆಳಗಿಳಿದು ಬಂದು ಕತ್ತೆತ್ತಿ ನೋಡುತ್ತಾ ನಿಂತವರಿಗೆ ಗಂಟೆ ಹೊಡೆದದ್ದೂ ಕೇಳಿಸಲಿಲ್ಲ.

ಸಮಿತಿ ಬರುವ ಹಿಂದಿನ ದಿನ ಚಿಕ್ಕಸ್ವಾಮಿಯವರು ಸಿದ್ಧತೆ ತೋರಿಸಲು ತಮ್ಮ ತಾಯಿ ವೆಂಕಟಮ್ಮನವರನ್ನು ಕಾರಿನಲ್ಲಿ ಕರೆತಂದರು. ಎಂಬತ್ತು ದಾಟಿದ ಮುದುಕಿ, ಕೋಲು ಊರಿಕೊಂಡು ಬಂದರೂ ಊರೇ ನಡುಗುತ್ತಿತ್ತು. ಬಾಗಿಲ ಬಳಿ ಬಂದವರು ತಲೆ ಎತ್ತಿ ನೋಡಿದರು. ಎರಡು ಹೆಜ್ಜೆ ಹಿಂದಕ್ಕೆ ಹೋದರು.

"ಅಯ್ಯೋ ನಿಮ್ ಮನೆ ಕಾಯೋಗ! ಎಡಮುರಿ ಅಗ್ಗ ಬಾಗ್ಲಿಗೆ ಕಟ್ಟಿದ್ದೀರಲ್ರೋ! ನಾನಿನ್ನೂ ಬದ್ಕಿವ್ನಿ ಕಣ್ಲಾ ಮಗಾ! ಈಗ್ಲೇ ಅಳತೆ ನೋಡ್ತಿದ್ದೀಯಾ?"

ಚಿಕ್ಕಸ್ವಾಮಿಯವರ ಕಣ್ಣು ಕೆಂಪಗಾಯಿತು. "ಮೇಷ್ಟ್ರೇ!"

"ಸರ್, ವಿಜ್ಞಾನದ ಪ್ರಕಾರ ಅದು ಎಡಮುರಿನೇ..." ಅಂತ ಮೇಷ್ಟ್ರು ಶುರುಮಾಡಿದರು.

"ನಿಮ್ಮ ವಿಜ್ಞಾನ ನಮ್ಮವ್ವನಿಗಿಂತ ದೊಡ್ಡದೇನ್ರೀ? ತಿರುಗ್ಸಿ ಕಟ್ಟಿ ಅದನ್ನ. ಇತ್ಲಾಗಿನ ತುದಿ ಅತ್ಲಾಗೆ, ಅತ್ಲಾಗಿನ ತುದಿ ಇತ್ಲಾಗೆ. ಆಗ ಬಲಮುರಿ ಆಗಕಿಲ್ವಾ? ಇಷ್ಟು ಗೊತ್ತಾಗಕಿಲ್ವೇನ್ರೀ ಓದಿದೋರಿಗೆ?"

ಅಲ್ಲಾ ಸ್ವಾಮಿ, ಒಂದು ಸ್ಕ್ರೂ ತೆಗೆದುಕೊಂಡು ತಲೆಕೆಳಗು ಮಾಡಿ ನೋಡಿ. ಅದರ ತಿರುಪು ಬದಲಾಗುತ್ತದೆಯೇ? ನಿಲ್ಲಿಸಿ, ಮಲಗಿಸಿ, ಉಲ್ಟಾ ಹಿಡಿಯಿರಿ. ಎಡಮುರಿ ಹುರಿ ಎಡಮುರಿಯೇ. ಬಿಚ್ಚಿ ಮತ್ತೆ ಹೊಸೆದರೆ ಮಾತ್ರ ಅದು ಬಲಮುರಿಯಾದೀತು. ಇದು ಪುಟ್ಟಬಸವಯ್ಯನವರಿಗೆ ಗೊತ್ತಿತ್ತು. ಗೊತ್ತಿದ್ದೂ, "ಆಗಲಿ ಸರ್, ಹಾಗೇ ಮಾಡೋಣ" ಅಂದರು. ಜವಾನ ಏಣಿ ಹತ್ತಿ ತುದಿಗಳನ್ನು ಅದಲುಬದಲು ಮಾಡಿ ಕಟ್ಟಿದ. ಕಾರ್ಯದರ್ಶಿಗಳು ಸ್ವಲ್ಪ ದೂರ ನಿಂತು, "ನೋಡಿ, ಈಗ ಎಷ್ಟು ಲಕ್ಷಣವಾಗದೆ" ಅಂದರು. ವೆಂಕಟಮ್ಮನವರು ಅಷ್ಟರಲ್ಲಿ ಸಿಟ್ಟಿನಿಂದ ಹೋಗಿ ಕಾರಿನಲ್ಲಿ ಕೂತಿದ್ದರು. ಅಷ್ಟು ದೂರಕ್ಕೆ ಅವರ ಕಣ್ಣು ಕಾಣುತ್ತಿರಲಿಲ್ಲ. ಮಗ ಹೇಳಿದ ಮೇಲೆ, "ಊಂ, ಈಗ ವಾಸಿ" ಅಂದರು.

ಕಾರು ಹೋದ ಮೇಲೆ ಕವನ ಮೆಲ್ಲಗೆ ಕೇಳಿದಳು. "ಸಾರ್, ತಿರುಗ್ಸಿದ್ರೂ ಅದು ಎಡಾನೇ ಅಲ್ವಾ?"

"ಶ್! ನಿನಗೆ ಗೊತ್ತು, ನನಗೆ ಗೊತ್ತು, ಬ್ಯಾಕ್ಟೀರಿಯಾಕ್ಕೆ ಗೊತ್ತು. ಸಾಕು ಬಿಡಮ್ಮ."

ಜೀವನವೆಲ್ಲ ಬಾಯಿ ಮುಚ್ಚಿಕೊಂಡು ಸುಳ್ಳಿಗೆ ಹೂಂಗುಟ್ಟಿದ್ದ ಮನುಷ್ಯ ಅವತ್ತು ಒಂದು ದಿನ ಬಾಯಿ ಮುಚ್ಚಿಕೊಂಡು ನಿಜವನ್ನು ಉಳಿಸಿದ್ದರು. ಬಸ್ಸಿನಲ್ಲಿ ನಂಜನಗೂಡಿನ ತನಕ ಒಬ್ಬರೇ ನಗುತ್ತಾ ಬಂದರು. ಮನೆಯಲ್ಲಿ ಮಹದೇವಮ್ಮ, ಏನಾಯ್ತು ನಿಮಗೆ ಅಂತ ಹಣೆ ಮುಟ್ಟಿ ನೋಡಿದರು.

ಮರುದಿನ ಸಮಿತಿ ಬಂತು. ಸಮಿತಿಯಲ್ಲಿ ಒಬ್ಬರು ಪ್ರೊಫೆಸರ್ ಮೇಡಂ ಇದ್ದರು, ಉತ್ತರದ ಕಡೆಯವರು. ಬೆಂಕಿಪೊಟ್ಟಣದ ಸೋಮನಾಥಪುರದ ಮುಂದೆ ಆಕಳಿಸುತ್ತಿದ್ದ ಆಕೆ ಹುರಿಯ ಕೆಳಗೆ ಬಂದು ಗಕ್ಕನೆ ನಿಂತರು. ಕವನ ಹೇಳಲು ಶುರುಮಾಡಿದಳು. ಇಂಗ್ಲಿಷು ಅಲ್ಲಲ್ಲಿ ಎಡವಿದರೂ ಸಂಗತಿ ಎಡವಲಿಲ್ಲ. ಹುರಿ ಹೇಗೆ ಬೆಳೆಯುತ್ತದೆ, ಯಾಕೆ ಬೆಳೆಯುತ್ತದೆ, ಏನೂ ಸಿಗದಿದ್ದರೆ ಹೇಗೆ ಉದುರುತ್ತದೆ, ಎಲ್ಲವನ್ನೂ ಕೈ ಆಡಿಸಿ ಹೇಳಿದಳು. ಮೇಡಂ ಮೇಷ್ಟ್ರ ಕೈ ಕುಲುಕಿ, ತಾನೂ ಇಂಥ ಹುರಿಗಳ ಮೇಲೆ ಕೆಲಸ ಮಾಡಿದವಳೇ, ನೀವು ಇದನ್ನು ಎಡಕ್ಕೇ ತಿರುಚಿದ್ದೀರಲ್ಲ, ದೊಡ್ಡ ದೊಡ್ಡವರೂ ಚಿತ್ರ ಬರೆಯುವಾಗ ಇಲ್ಲಿ ತಪ್ಪುತ್ತಾರೆ ಅಂತ ಎಲ್ಲರ ಎದುರಿಗೆ ಹೊಗಳಿದರು. ವರದಿಯಲ್ಲೂ ಬರೆಯುತ್ತೇನೆ ಅಂದರು.

ಚಿಕ್ಕಸ್ವಾಮಿಯವರಿಗೆ ಆ ಇಂಗ್ಲಿಷಿನಲ್ಲಿ ಅರ್ಥವಾದದ್ದು ಒಂದೇ ಪದ, ಲೆಫ್ಟು. ಸಮಿತಿ ಊಟಕ್ಕೆ ಹೋದ ಮೇಲೆ ಮೇಷ್ಟ್ರನ್ನು ಕಂಬದ ಮರೆಗೆ ಕರೆದರು.

"ಲೆಫ್ಟು ಅಂದ್ರಲ್ರೀ ಆಯಮ್ಮ? ತಿರುಗ್ಸಿ ಕಟ್ಟಿದ್ವಲ್ಲ?"

"ಹೇಗೆ ತಿರುಗಿಸಿದರೂ ಅದು ಎಡವೇ ಸರ್."

"ಹಂಗಾದ್ರೆ ನಿನ್ನೆ ಯಾಕ್ ಹೇಳ್ನಿಲ್ಲ?"

"ನೀವು ಕೇಳಲಿಲ್ಲ ಸರ್."

ಈ ಉತ್ತರ ತಮ್ಮ ಬಾಯಿಂದಲೇ ಬಂತೇ ಅಂತ ಮೇಷ್ಟ್ರಿಗೇ ಅನುಮಾನ. ಚಿಕ್ಕಸ್ವಾಮಿಯವರು ಹಲ್ಲು ಕಡಿದರು. "ನನ್ನೇ ಯಾಮಾರಿಸಿದ್ರಿ. ಇರ್ಲಿ. ನಿಮ್ಮ ಫೈಲೂ ಆ ಹಗ್ಗದಂಗೆ ನೇತಾಡ್ಲಿ ಬುಡಿ."

ಕಾಲೇಜಿಗೆ ಒಳ್ಳೆಯ ದರ್ಜೆ ಬಂತು. ವರದಿಯಲ್ಲಿ ಹುರಿಯ ಹೊಗಳಿಕೆ ಇದ್ದದ್ದರಿಂದ ಅದನ್ನು ಕೀಳುವ ಹಾಗಿರಲಿಲ್ಲ, ಹಾಗೇ ಬಿಡುವ ಧೈರ್ಯವೂ ಕಾರ್ಯದರ್ಶಿಗಳಿಗೆ ಇರಲಿಲ್ಲ. ಕೊನೆಗೆ ಪ್ಲಾಸ್ಮಿಡ್ಡಿನ ಪಕ್ಕ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿದರು. ತಾವು ಮಾತ್ರ ಹಿಂಬಾಗಿಲಿಂದ ಓಡಾಡತೊಡಗಿದರು. ಮೇಷ್ಟ್ರ ಫೈಲು ಎಲ್ಲಿತ್ತೋ ಅಲ್ಲೇ ಇತ್ತು.

ಬೇಸಿಗೆ ಬಂತು. ಪರೀಕ್ಷೆ ನಡೆಯುತ್ತಿದ್ದ ಕಾಲ. ವೆಂಕಟಮ್ಮನವರು ಸಂಜೆ ರಾಗಿಮುದ್ದೆ, ಅವರೆಕಾಳು ಸಾರು ಉಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲ. ತುಂಬಿದ ಬದುಕು, ಸುಖದ ಸಾವು. ಎಲ್ಲ ಸಿದ್ಧವಾಯಿತು, ಬಿದಿರು ಬಂತು, ಹೂವು ಬಂತು, ತಮಟೆ ಬಂತು. ಹಗ್ಗ ಬರಲಿಲ್ಲ. ಚಿಕ್ಕಮಾದುವಿನ ಬಾಗಿಲಿಗೆ ಆಳು ಹೋದ. ಡ್ಯೂಟಿಗೆ ಹೊರಟಿದ್ದ ಚಿಕ್ಕಮಾದು, "ನಾ ಬರಕಿಲ್ಲ ಅಂತ ಏಳಪ್ಪ" ಅಂದ. ಚಿಕ್ಕಸ್ವಾಮಿಯವರೇ ಖುದ್ದಾಗಿ ಹೋದರು. ಅವರ ಮುಖಕ್ಕೆ ಎದುರಾಗಿಯೂ ಅದೇ ಮಾತು ಹೇಳಿ, ಟಿಫನ್ ಕ್ಯಾರಿಯರ್ ಹಿಡಿದು ಬಸ್ಸಿಗೆ ಹೋದ. ನೈಲಾನ್ ಹಗ್ಗ ತಂದರೆ ಊರಿನ ಯಜಮಾನರು, "ಅದ್ರಲ್ಲಿ ಎಮ್ಮೆ ಕಟ್ತಾರೆ ಕಣ್ಲಾ" ಅಂತ ಎತ್ತಿ ಎಸೆದರು. ತಾವೇ ಹೊಸೆಯೋಣ ಅಂತ ನಾಲ್ಕು ಜನ ಕೂತರು. ಆ ಕೆಲಸ ಕೀಳು ಅಂತ ತಲೆತಲಾಂತರದಿಂದ ಕಲಿಯದೆ ಬಿಟ್ಟ ಕೈಗಳು. ಹೊಸೆದದ್ದು ಹೊಸೆದ ಹಾಗೇ ಬಿಚ್ಚಿಕೊಂಡಿತು.

ಪರೀಕ್ಷೆ ಕೆಲಸ ಅಂತ ಅವತ್ತು ಮೊದಲ ಬಸ್ಸಿಗೇ ಬಂದಿದ್ದ ಮೇಷ್ಟ್ರು ಕಾಲೇಜಿನಲ್ಲಿ ಹಿಂದಿನ ದಿನದ ಉತ್ತರಪತ್ರಿಕೆ ಕಟ್ಟುತ್ತಿದ್ದಾಗ ಮೊಬೈಲು ಹೊಡೆದುಕೊಂಡಿತು.

"ಮೇಷ್ಟ್ರೇ, ನಮ್ಮವ್ವ ಹೋಗ್ಬುಟ್ಲು." ಚಿಕ್ಕಸ್ವಾಮಿಯವರು ಅಳುತ್ತಿದ್ದರು. ನಿಜವಾಗಿಯೂ ಅಳುತ್ತಿದ್ದರು. "ಆ ಹಗ್ಗ ತಕ್ಕೊಂಡ್ ಬಂದ್ಬುಡಿ. ಬಿಸಿಲೇರೋಕ್ ಮುಂಚೆ ಎತ್ಬೇಕು."

"ಸರ್, ಅದು... ಅದು ಕೊಡೋ ಹಾಗಿಲ್ಲ ಸರ್."

"ನಿಮ್ಮ ಫೈಲಿಗೆ ನಾಳೇನೇ ಸೈನ್ ಹಾಕ್ತೀನಿ. ನಮ್ಮವ್ವನಾಣೆಗೂ."

ಮೇಷ್ಟ್ರು ಇನ್ನೊಂದು ಸಲ ಆಗುವುದಿಲ್ಲ ಅಂದಿದ್ದರೆ ಸಾಕಿತ್ತು. ಅದರ ಬದಲು ಅವರೊಳಗಿನ ಮೇಷ್ಟ್ರು ಎದ್ದು ಪಾಠ ಶುರುಮಾಡಿದ. ಸತ್ತ ಮನೆಗೆ ಆಗದ ವಿದ್ಯೆ ಇನ್ನೇತಕ್ಕೆ? ನಾರು ಎಂದರೆ ನಾರು, ಅದಕ್ಕೆ ಪಾಠ ಯಾವುದು ಚಟ್ಟ ಯಾವುದು? ಚಿಕ್ಕಮಾದು ಕಾರ್ಖಾನೆಗೆ ಹೋಗಿದ್ದಾನೆ, ಸಂಜೆ ಬಂದ ಮೇಲೆ ತಿಳಿಸಿ ಹೇಳಿದರಾಯಿತು. ಹದಿನೆಂಟು ವರ್ಷ ಅಂದರೆ ಸಾಮಾನ್ಯವೇ? ಪಾಠ ಮುಗಿಯುವಷ್ಟರಲ್ಲಿ ಅವರ ಬಾಯಿ, "ಆಗಲಿ ಸರ್" ಅಂದಾಗಿತ್ತು.

ಏಣಿ ಹಾಕಿ ಹತ್ತಿದರು. ಒಂದೊಂದೇ ಉಂಡೆ ಕಿತ್ತು ಕೆಳಗೆ ಹಾಕಿದರು. ಮಣಿಮಣಿಯಾಗಿ ಉದುರಿದವು. ಏಣಿ ಅಲುಗಾಡಿತು. ಕೆಳಗೆ ನೋಡಿದರೆ ಪರೀಕ್ಷೆ ಬರೆಯಲು ಬಂದ ಕವನ ನಿಂತಿದ್ದಳು.

"ಸ್ವಲ್ಪ ಏಣಿ ಹಿಡ್ಕೊಳ್ಳಮ್ಮ."

ಕವನ ಹಿಡಿಯಲಿಲ್ಲ. "ಎಲ್ಲಿಗ್ ಸಾರ್ ಹಗ್ಗ?"

ಮೇಷ್ಟ್ರು ಇನ್ನೊಂದು ಉಂಡೆ ಕಿತ್ತರು.

"ನಮ್ಮಪ್ಪ ಬರಕಿಲ್ಲ ಅಂತ ಬೆಳಿಗ್ಗೆ ಅವ್ರ ಮುಖಕ್ಕೇ ಹೇಳ್ದ ಸಾರ್. ನಾನು ಪಕ್ಕದಲ್ಲೇ ನಿಂತಿದ್ದೆ. ನಮ್ಮಪ್ಪನ ಕಾಲು ನಡುಗ್ತಿತ್ತು. ಆದ್ರೂ ಹೇಳ್ದ. ನೀವು ಅವ್ನಿಗೆ ಮಾತು ಕೊಟ್ಟಿದ್ರಿ."

"ಸತ್ತವರ ವಿಷಯದಲ್ಲಿ ಹಟ ಮಾಡಬಾರದಮ್ಮ" ಅಂದರು ಮೇಷ್ಟ್ರು. ಅಂದವರಿಗೆ ನಾಚಿಕೆಯಾಯಿತು. ಬೆವರು ಕಣ್ಣಿಗಿಳಿದು ಉರಿಯಿತು. ಕವನ ಕೆಳಗೆ ಉರುಳಿದ್ದ ಉಂಡೆಗಳ ನಡುವೆ ಕಾಲಿಟ್ಟುಕೊಂಡು ಪರೀಕ್ಷೆ ಕೋಣೆಗೆ ಹೋದಳು.

ಹಗ್ಗ ಗಟ್ಟಿಯಾಗಿತ್ತು. ಊರವರೆಲ್ಲ ಹೊಗಳಿದರು. ಯಜಮಾನರೊಬ್ಬರು ಕೈಯಲ್ಲಿ ಎಳೆದು ನೋಡಿ, "ಇಂಥಾ ಎಡಮುರಿ ನೋಡಿ ಎಷ್ಟ್ ಕಾಲ ಆಗಿತ್ತು" ಅಂದರು. ಚಿಕ್ಕಸ್ವಾಮಿಯವರು ಮಾತಿಗೆ ತಪ್ಪಲಿಲ್ಲ. ಮರುದಿನವೇ ಸಹಿ ಹಾಕಿದರು. ದೀರ್ಘಕಾಲದ ನಿಷ್ಠಾವಂತ ಸೇವೆಯನ್ನು ಗಮನದಲ್ಲಿಟ್ಟುಕೊಂಡು ಕಾಯಂ ಮಾಡಲಾಗಿದೆ ಅಂತ ಆದೇಶದಲ್ಲಿತ್ತು. ಪಾಠಕ್ಕೆ ಸಿಗದ ಕಾಯಂ, ಮೇಡಂ ಹೊಗಳಿಕೆಗೂ ಸಿಗದ ಕಾಯಂ, ಚಟ್ಟದ ಹಗ್ಗಕ್ಕೆ ಸಿಕ್ಕಿತು. ಮಹದೇವಮ್ಮ ಶಾವಿಗೆ ಪಾಯಸ ಮಾಡಿದರು. ಮೇಷ್ಟ್ರು ಎರಡು ಚಮಚ ತಿಂದು, ಹೊಟ್ಟೆ ಸರಿಯಿಲ್ಲ ಅಂತ ಎದ್ದರು.

ಜೂನ್‌ನಲ್ಲಿ ಮುಂಬಾಗಿಲಿಗೆ ಹೊಸ ಹುರಿ ಬಂತು. ಅಂಗಡಿಯ ನೈಲಾನ್ ಹಗ್ಗ, ಬಲಮುರಿ. ಕೆಳಗೆ ಹಳೆಯ ಫಲಕವೇ ಇತ್ತು, ಬ್ಯಾಕ್ಟೀರಿಯಾದ ಪಾರ್-ಎಂ ಹುರಿ ಅಂತ. ಕಾರ್ಯದರ್ಶಿಗಳು ಮತ್ತೆ ಮುಂಬಾಗಿಲಿಂದ ಬರತೊಡಗಿದರು. ಹೊಸದಾಗಿ ಸೇರಿದ ಹುಡುಗನೊಬ್ಬ, "ಸಾರ್, ನೀವು ಎಡ ಅಂತ ಬರೆಸಿದ್ರಿ, ಅಲ್ಲಿ ಬಲಕ್ಕೆ ತಿರುಗಿದೆಯಲ್ಲ?" ಅಂತ ಕೇಳಿದ. ಕಾಯಂ ಮೇಷ್ಟ್ರು ಪುಟ್ಟಬಸವಯ್ಯನವರು, "ಪರೀಕ್ಷೆಗೆ ಎಡ ಅಂತ ಬರಿ" ಅಂದು ಮುಂದಿನ ಪಾಠಕ್ಕೆ ಹೋದರು.

ಕವನ ಆ ಹೊತ್ತಿಗೆ ಪಾಸಾಗಿ ಮೈಸೂರಿಗೆ ಎಂಎಸ್ಸಿಗೆ ಸೇರಿದ್ದಳು. ಹೋಗುವಾಗ ಎಲ್ಲಾ ಮೇಷ್ಟ್ರುಗಳಿಗೂ ಹೇಳಿ ಹೋದಳು. ಇವರ ಕೋಣೆಗೆ ಮಾತ್ರ ಬರಲಿಲ್ಲ.

ಹಗ್ಗ ಕೊಟ್ಟಂದಿನಿಂದ ಮೇಷ್ಟ್ರು ಬೆಳಗಿನ ಆ ಬಸ್ಸು ಬಿಟ್ಟು ಅದಕ್ಕಿಂತ ಮುಂಚಿನ ಬಸ್ಸಿಗೆ ಹೋಗುತ್ತಿದ್ದರು. ಒಂದು ದಿನ ಆ ಮುಂಚಿನ ಬಸ್ಸು ಕೆಟ್ಟು ನಿಂತಿತು. ಬೇರೆ ದಾರಿಯಿಲ್ಲದೆ ಹಳೇ ಬಸ್ಸಿಗೇ ನೂಕಾಡಿಕೊಂಡು ಹತ್ತಿದರು. ಕಿಟಕಿಯ ಪಕ್ಕದ ಸೀಟಿನಲ್ಲಿ ಚಿಕ್ಕಮಾದು ಕೂತಿದ್ದ. ಏಳದೆ, ಯಾರಿಗೂ ಬಿಡದೆ, ಎಂದಿನಂತೆ ಗಟ್ಟಿಯಾಗಿ ಕೂತಿದ್ದ. ಮೇಷ್ಟ್ರ ಕಾಲು ಮುಂದಕ್ಕೆ ಹೋಗಲಿಲ್ಲ. ಹಿಂದಿನ ಜನ ತಳ್ಳಿದರು.

"ಬನ್ನಿ ಸಾ" ಅಂದ ಚಿಕ್ಕಮಾದು. "ಕಾಯಂ ಆಯ್ತಂತೆ?"

"ಹೂಂ ಕಣಯ್ಯ."

"ಒಳ್ಳೇದಾಯ್ತು." ಟಿಫನ್ ಕ್ಯಾರಿಯರ್ ಕೈಗೆ ತೆಗೆದುಕೊಂಡ. "ಅಗ್ಗ ಗಟ್ಟಿಯಾಗಿತ್ತಾ ಸಾ?"

ಮೇಷ್ಟ್ರು ಅತ್ತ ಇತ್ತ ನೋಡಿದರು. ಚಿಕ್ಕಮಾದು ಉತ್ತರಕ್ಕೆ ಕಾಯುತ್ತಿದ್ದ.

"ಗಟ್ಟಿಯಾಗಿತ್ತು" ಅಂದರು.

"ಇರ್ಲೇಬೇಕು ಸಾ. ನಮ್ ಮಗೀಗೆ ಅಂತ ಒಸ್ದಿದ್ದು."

ಅವನು ಎದ್ದು, ದಾರಿ ಬಿಡಿಸಿಕೊಂಡು, ಇಳಿದು ಕಾರ್ಖಾನೆಯ ಕಡೆ ನಡೆದ. ಕಂಡಕ್ಟರ್ ಶಿಳ್ಳೆ ಹಾಕಿದ. ಖಾಲಿ ಸೀಟಿನ ಮೇಲೆ ಇನ್ನೊಬ್ಬನ ಕಣ್ಣು ಬಿದ್ದದ್ದು ನೋಡಿ ಪುಟ್ಟಬಸವಯ್ಯನವರು ಬೇಗ ಕೂತುಬಿಟ್ಟರು. ಸೀಟು ಇನ್ನೂ ಬೆಚ್ಚಗಿತ್ತು.